ಒಟ್ಟಾವಾದಲ್ಲಿ ಕಪ್ಪೆ ನೋಡಲು ಯಾವಾಗ ಹೋಗಬೇಕು?

ಒಟ್ಟಾವಾ ಸುತ್ತಮುತ್ತ ಕಪ್ಪೆ ನೋಡುವುದಾದರೆ ಏಪ್ರಿಲ್ ನಡುವಿನಿಂದ ಮೇ ಮೊದಲ ವಾರದವರೆಗೆ, ಮಳೆ ಬಂದ ರಾತ್ರಿ ಹೊರಡಿ. ಯಾರು ಕೇಳಿದರೂ ನಾನು ಹೇಳುವುದು ಇದನ್ನೇ. ಕೆನಡಾ ಚಳಿ ದೇಶ, ಹಾಗಾಗಿ ಬೇಸಿಗೆಯೇ ಸರಿಯಾದ ಕಾಲ ಇರಬೇಕು ಅಂತ ತುಂಬಾ ಜನ ಜುಲೈವರೆಗೆ ಕಾಯುತ್ತಾರೆ. ಅಷ್ಟೊತ್ತಿಗೆ ಕಾಡಿನ ಹೊಂಡಗಳ ಗಲಾಟೆ ಮುಗಿದು ಎಷ್ಟೋ ದಿನ ಆಗಿರುತ್ತದೆ.

ನಾನು ಸಾಗರದ ಕಡೆಯವಳು. ನಮ್ಮಲ್ಲಿ ಮುಂಗಾರು ಹಿಡಿಯಿತು ಅಂದರೆ ಗದ್ದೆ ತುಂಬಾ ವಟವಟ ಶುರು. ಇಲ್ಲಿ ಏಪ್ರಿಲ್‌ನಲ್ಲಿ ನೀರಿಗೇನೂ ಬರವಿಲ್ಲ, ಹಿಮ ಕರಗಿ ತಗ್ಗಿರುವ ಕಡೆಯೆಲ್ಲ ನೀರೇ. ಕಪ್ಪೆಗಳು ಕಾಯುವುದು ಬಿಸುಪಿಗೆ. ಅದಕ್ಕೇ ಮಾರ್ಚ್ ಕೊನೆಯಿಂದ ನಾನು ರಾತ್ರಿಯ ತಾಪಮಾನದ ಮೇಲೆ ಕಣ್ಣಿಟ್ಟಿರುತ್ತೇನೆ. ಕತ್ತಲಾದ ಮೇಲೂ ಏಳೆಂಟು ಡಿಗ್ರಿ ಇದೆ, ನೆಲ ಒದ್ದೆಯಾಗಿದೆ, ಗಾಳಿ ಇಲ್ಲ ಅಂದರೆ ಗಂಬೂಟು ಹಾಕಿ ಹೊರಟೆ. ಒಂದು ವರ್ಷ ಹಿಮ ಬೇಗ ಕರಗುತ್ತದೆ, ಇನ್ನೊಂದು ವರ್ಷ ತಡವಾಗುತ್ತದೆ. ಕ್ಯಾಲೆಂಡರ್ ನೋಡಿ ರಜೆ ಹಾಕಿದರೆ ಸಿಗುವುದು ಕಷ್ಟ.

ಎಲ್ಲರಿಗಿಂತ ಮೊದಲು ಬರುವುದು ವುಡ್ ಫ್ರಾಗ್. ಕಂದು ಮೈ, ಕಣ್ಣಿನಿಂದ ಹಿಂದಕ್ಕೆ ಕಪ್ಪು ಪಟ್ಟಿ. ಇಷ್ಟು ಬೇಗ ಬರಲು ಕಾರಣ ಅದು ಚಳಿಗಾಲ ಕಳೆಯುವ ರೀತಿ. ಚಿರತೆಯಂತೆ ಮೈಮೇಲೆ ಚುಕ್ಕಿ ಇರುವ ಲೆಪರ್ಡ್ ಫ್ರಾಗ್ ಕೆರೆ, ಹೊಳೆಗಳ ತಳದಲ್ಲಿ ಮಲಗುತ್ತದೆ, ಮೇಲಿನ ಮಂಜುಗಡ್ಡೆ ಹೋಗುವವರೆಗೆ ಅದಕ್ಕೆ ದಾರಿಯಿಲ್ಲ. ವುಡ್ ಫ್ರಾಗ್ ಇರುವುದು ಕಾಡಿನ ನೆಲದಲ್ಲಿ, ತರಗೆಲೆಯ ಕೆಳಗೆ. ಅಲ್ಲೇ ಹೆಪ್ಪುಗಟ್ಟುತ್ತದೆ! ಮೈಯಲ್ಲಿನ ನೀರಿನ ಮುಕ್ಕಾಲು ಪಾಲಿಗೆ ಸ್ವಲ್ಪ ಕಡಿಮೆ ಮಂಜುಗಡ್ಡೆಯಾಗುತ್ತದೆ. ಉಸಿರು ನಿಲ್ಲುತ್ತದೆ, ಎದೆಬಡಿತವೂ ನಿಲ್ಲುತ್ತದೆ. ಪಿತ್ತಜನಕಾಂಗ ರಕ್ತಕ್ಕೆ ಸುರಿಯುವ ಗ್ಲೂಕೋಸ್ ಜೀವಕೋಶಗಳನ್ನು ಕಾಪಾಡುತ್ತದೆ. ನೆಲದ ಮೇಲ್ಪದರ ಬಿಸಿಯಾದ ಕೂಡಲೇ ಕರಗಿ, ಎದ್ದು ಹೊಂಡದ ಕಡೆ ಹೊರಡುತ್ತದೆ. ಉತ್ತರ ಅಮೆರಿಕದಲ್ಲಿ ಆರ್ಕ್ಟಿಕ್ ವೃತ್ತದ ಆಚೆಗೂ ಬದುಕುವ ಕಪ್ಪೆ ಇದೊಂದೇ. ಈ ಹೆಪ್ಪುಗಟ್ಟುವಿಕೆಯ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದ ಕೆನೆತ್ ಸ್ಟೋರಿ, ಜ್ಯಾನೆಟ್ ಸ್ಟೋರಿ ಇದೇ ಊರಿನ ಕಾರ್ಲ್‌ಟನ್ ವಿಶ್ವವಿದ್ಯಾಲಯದವರು. ನನಗೆ ಅದೊಂದು ಹೆಮ್ಮೆ.

ವುಡ್ ಫ್ರಾಗ್‌ಗೆ ಆತುರ ಯಾಕೆಂದರೆ, ಮೊಟ್ಟೆಯಿಡುವುದು ಹಿಮದ ನೀರು ನಿಂತ ಹೊಂಡಗಳಲ್ಲಿ. ಅವು ಬೇಸಿಗೆಯಲ್ಲಿ ಬತ್ತಿಹೋಗುವುದರಿಂದ ಮೀನಿನ ಕಾಟ ಇಲ್ಲ. ಆದರೆ ನೀರು ಆರುವ ಮೊದಲು ಗೊದಮೊಟ್ಟೆಗೆ ಕಾಲು ಬಂದಿರಬೇಕು. ಹಾಗಾಗಿ ಕೂಗು, ಜೊತೆಗೂಡುವುದು, ಮೊಟ್ಟೆ ಎಲ್ಲ ಒಂದೆರಡು ವಾರದಲ್ಲಿ ಮುಗಿಯುತ್ತದೆ. ನಾನು ಹೆಚ್ಚಾಗಿ ಹೋಗುವುದು ಇಲ್ಲಿನ ಸ್ಟೋನಿ ಸ್ವಾಂಪ್ ಅನ್ನುವ ಜೌಗು ಪ್ರದೇಶಕ್ಕೆ. ದೂರದಿಂದ ಕೇಳಿದರೆ ಬಾತುಕೋಳಿಗಳು ಜಗಳ ಆಡುತ್ತಿವೆ ಅನ್ನಿಸುತ್ತದೆ, ಅದು ವುಡ್ ಫ್ರಾಗ್ ಕೂಗು. ಹತ್ತಿರ ಹೋದರೆ ಎಲ್ಲ ಗಪ್‌ಚುಪ್. ಆಗ ಟಾರ್ಚ್ ಆರಿಸಿ ಸುಮ್ನೆ ನಿಂತುಬಿಡಬೇಕು. ಸ್ವಲ್ಪ ಹೊತ್ತಿಗೆ ಒಂದು ಶುರು ಮಾಡುತ್ತದೆ, ಆಮೇಲೆ ಉಳಿದವೂ ಸೇರಿಕೊಳ್ಳುತ್ತವೆ.

ಹಗಲಲ್ಲಿ ಅದೇ ಹೊಂಡಕ್ಕೆ ಮತ್ತೆ ಹೋಗಿ ನೋಡಿ. ನೀರಲ್ಲಿ ಮುಳುಗಿದ ಕಡ್ಡಿಗಳಿಗೆ ಮೊಟ್ಟೆಯ ಲೋಳೆ ಮುದ್ದೆಗಳು ಅಂಟಿಕೊಂಡಿರುತ್ತವೆ. ಒಂದು ಇಟ್ಟಲ್ಲೇ ಇನ್ನೊಂದು ಇಡುತ್ತದೆ, ಒತ್ತೊತ್ತಾಗಿದ್ದರೆ ಒಳಗೆ ಬಿಸುಪು ಉಳಿಯುತ್ತದೆ. ಪ್ರತಿ ಮೊಟ್ಟೆಯ ಮೇಲರ್ಧ ಕಪ್ಪು, ಬಿಸಿಲನ್ನು ಹೀರಲು ಅದು ಅನುಕೂಲ.

ಸ್ಪ್ರಿಂಗ್ ಪೀಪರ್ ಅನ್ನುವ ಪುಟ್ಟ ಕಪ್ಪೆಯ ಕೂಗು ಕೇಳುವುದು ಸುಲಭ, ಅದು ಕಾಣುವುದು ಬಲು ಕಷ್ಟ. ಉದ್ದ ಎರಡೂವರೆ ಸೆಂಟಿಮೀಟರ್ ಸುಮಾರು, ಬೆನ್ನ ಮೇಲೆ ಓರೆಯಾಗಿ ಗುಣಾಕಾರದ ಗುರುತು. ಒಣಹುಲ್ಲಿನ ಬುಡದಲ್ಲಿ, ನೀರಿನ ಅಂಚಿಗೇ ಹುಡುಕಬೇಕು. ಕೂಗುವಾಗ ಗಂಟಲಿನ ಚೀಲ ಗೋಲಿಯಾಗಿ ಉಬ್ಬುತ್ತದೆ, ಟಾರ್ಚ್ ಬೆಳಕಿಗೆ ಮೊದಲು ಹೊಳೆಯುವುದು ಅದೇ.

ಮಳೆ ರಾತ್ರಿಗಳಲ್ಲಿ ಇವೆಲ್ಲ ರಸ್ತೆ ದಾಟುತ್ತಿರುತ್ತವೆ. ದಯವಿಟ್ಟು ಕಾರನ್ನು ಜೌಗಿನ ಹತ್ತಿರದವರೆಗೆ ಒಯ್ಯಬೇಡಿ. ನಾನು ದೂರದಲ್ಲೇ ನಿಲ್ಲಿಸಿ ನಡೆದು ಹೋಗುತ್ತೇನೆ. ಕಪ್ಪೆ ನೋಡಲು ಹೋಗಿ ಕಪ್ಪೆಯನ್ನೇ ಅರೆದು ಬರುವುದು ಬೇಡ, ಅಲ್ವಾ? ಸೊಳ್ಳೆ ಔಷಧಿ ಹಚ್ಚಿದ ಕೈಯಲ್ಲಿ ಮುಟ್ಟಲೂಬಾರದು, ಅವುಗಳ ಚರ್ಮ ಎಲ್ಲವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಉಣ್ಣೆಹುಳುಗಳ ಕಾಟ ಏಪ್ರಿಲ್‌ನಲ್ಲೇ ಶುರು. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಮನೆಗೆ ಬಂದು ಮೈ ನೋಡಿಕೊಳ್ಳಿ.

ಮೇ ತಿಂಗಳಲ್ಲಿ ನೆಲಗಪ್ಪೆಗಳ ಉದ್ದನೆಯ ರಾಗ ಕೇಳುತ್ತದೆ. ಮೇ ಕೊನೆಗೆ ಬೂದು ಮರಗಪ್ಪೆ. ಬಣ್ಣ ಬದಲಿಸುವುದರಿಂದ ತೊಗಟೆಯ ಮೇಲೆ ಕೂತಿದ್ದರೆ ಗೊತ್ತೇ ಆಗುವುದಿಲ್ಲ, ಹಾರಿದಾಗ ತೊಡೆಯ ಒಳಗಿನ ಹಳದಿ ಕಾಣುತ್ತದೆ.

ಊರಿಂದ ಅಪ್ಪ ಅಮ್ಮ ಬರುವುದು ಸಾಮಾನ್ಯವಾಗಿ ಜೂನ್, ಜುಲೈನಲ್ಲಿ. ಅವರನ್ನು ರಾತ್ರಿ ಕೆಸರಿಗೆ ಇಳಿಸುವುದು ಬೇಕಿಲ್ಲ. ಆಗ ಗ್ರೀನ್ ಫ್ರಾಗ್, ಬುಲ್‌ಫ್ರಾಗ್ ಹಗಲಲ್ಲೇ ಕೊಳದ ಅಂಚಿಗೆ ಕೂತಿರುತ್ತವೆ. ಸೂರ್ಯ ಮುಳುಗುವುದೇ ಒಂಬತ್ತರ ಹತ್ತಿರ, ಊಟ ಮುಗಿಸಿ ನಿಧಾನಕ್ಕೆ ಹೊರಟರೂ ಬೆಳಕಿರುತ್ತದೆ. ನೈದಿಲೆ ಎಲೆ ಇರುವ, ವರ್ಷಪೂರ್ತಿ ನೀರಿರುವ ಕೊಳ ಹುಡುಕಿ, ಅಷ್ಟು ಸಾಕು.