ನಾಟಿಕೋಳಿಗೆ ಡಕ್‌ವೀಡ್ ಬೆಳೆಸೋದು ಹೇಗೆ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಡಕ್‌ವೀಡ್ ಅಂದರೆ ನಿಂತ ನೀರಿನ ಮೇಲೆ ಹಸಿರಾಗಿ ಹಾಸಿಕೊಳ್ಳುವ ಪುಟ್ಟ ಗಿಡ. ಇದನ್ನು ಬೆಳೆಸಿದರೆ ಕೋಳಿಗೆ ಫೀಡ್ ತರೋದೇ ಬೇಡ ಅಂತ ವಿಡಿಯೊಗಳಲ್ಲಿ ಹೇಳುತ್ತಾರೆ. ನಂಬಬೇಡಿ. ಒಣಗಿದ ಡಕ್‌ವೀಡ್‌ನಲ್ಲಿ ಪ್ರೋಟೀನ್ ನೂರಕ್ಕೆ 20ರಿಂದ 40ರಷ್ಟು ಇರುವುದು ನಿಜ. ಆದರೆ ಹಸಿಯದರಲ್ಲಿ ಇರುವುದೆಲ್ಲ ನೀರೇ. ಒಂದು ಕೆಜಿ ಒಣಗಿಸಿದರೆ 60 ಗ್ರಾಂ ಆಸುಪಾಸು ಸಿಗುತ್ತದೆ. ಅದರಲ್ಲಿ ಪ್ರೋಟೀನ್ 18 ಗ್ರಾಂ ಅಂತಿಟ್ಟುಕೊಳ್ಳಿ. ಮೊಟ್ಟೆ ಇಡುವ ಒಂದು ಕೋಳಿಗೆ ದಿನಕ್ಕೆ ಹೆಚ್ಚುಕಮ್ಮಿ ಅಷ್ಟು ಬೇಕು. ಒಂದು ಚದರ ಮೀಟರ್ ನೀರಿನಿಂದ ದಿನಕ್ಕೆ 100 ಗ್ರಾಂ ಹಸಿ ಬಂದರೆ ಅದೇ ಒಳ್ಳೆ ಬೆಳೆ. ಅಂದರೆ ಒಂದೇ ಕೋಳಿಗೆ 10 ಚದರ ಮೀಟರ್!

ಹಾಗಾಗಿ ಇದನ್ನು ಫೀಡ್ ಅನ್ನಬೇಡಿ, ಸೊಪ್ಪು ಅನ್ನಿ. ಜೋಳ, ನುಚ್ಚಿನ ಜೊತೆ ದಿನಾ ಒಂದಿಷ್ಟು ಹಸಿರು. ಮೊಟ್ಟೆಯ ಒಳಗಿನ ಹಳದಿಗೆ ಒಳ್ಳೆ ಬಣ್ಣ ಬರುತ್ತದೆ, ಕೊಟ್ಟಿಗೆಯ ಸಗಣಿಯೂ ಕೆಲಸಕ್ಕೆ ಬರುತ್ತದೆ. ನನಗೆ ಅಷ್ಟು ಸಾಕು.

ನಮ್ಮದು ತಿಪಟೂರು ಕಡೆಯ ತೆಂಗಿನ ತೋಟ. ಡಕ್‌ವೀಡ್ ಬೆಳೆಸುವ ಗುಂಡಿ ನೋಡಿದಾಗಲೆಲ್ಲ ನಮ್ಮತ್ತೆ "ನೀರು ಪಾಚಿಗಟ್ಟಿದೆ, ಚೆಲ್ಲಮ್ಮ" ಅನ್ನುತ್ತಾರೆ. ಆದರೆ ಇದು ಪಾಚಿ ಅಲ್ಲ, ಹೂ ಬಿಡುವ ಗಿಡ. ಕೆಸು, ಸುವರ್ಣಗಡ್ಡೆಯ ಕುಟುಂಬದ್ದೇ. ಎಲೆಯ ಹಾಗೆ ಕಾಣುವುದೇ ಇಡೀ ಗಿಡ, ಕಾಂಡ ಇಲ್ಲ. ಹೂ ಬಿಡುವುದು ಅಪರೂಪ. ಒಂದನ್ನು ಅಂಗೈಯಲ್ಲಿ ಮಗುಚಿ ಹಾಕಿ ನೋಡಿ. ಅಡಿಭಾಗ ನೇರಳೆ ಬಣ್ಣವಿದ್ದು ಬೇರಿನ ಗೊಂಚಲು ಇದ್ದರೆ ಸ್ಪೈರೊಡೆಲಾ. ಒಂದೇ ಬೇರು ಇಳಿಬಿದ್ದಿದ್ದರೆ ಲೆಮ್ನಾ. ಬೇರೇ ಇಲ್ಲದೆ, ಬೆರಳಿಗೆ ಹಸಿರು ರವೆ ಅಂಟಿದ ಹಾಗಿದ್ದರೆ ವುಲ್ಫಿಯಾ. ಪ್ರಪಂಚದ ಅತಿ ಚಿಕ್ಕ ಹೂಗಿಡ ಅದೇ. ಥಾಯ್ಲೆಂಡಿನಲ್ಲಿ ಅದನ್ನು ಅಡುಗೆ ಮಾಡಿ ತಿನ್ನುತ್ತಾರೆ.

ಲೆಮ್ನಾ ಸಾಮಾನ್ಯವಾಗಿ ಎರಡು ಮೂರು ಒಟ್ಟಿಗೆ ಅಂಟಿಕೊಂಡಿರುತ್ತವೆ. ದೊಡ್ಡದು ತಾಯಿ, ಪಕ್ಕದ್ದು ಮರಿ. ತಾಯಿಯ ಬದಿಯಲ್ಲಿರುವ ಸಣ್ಣ ಜೇಬಿನಿಂದ ಮರಿ ಹೊರಗೆ ಬರುತ್ತದೆ. ಅದು ಹೊರಗೆ ಬರುವ ಹೊತ್ತಿಗೆ ಅದರೊಳಗೆ ಮುಂದಿನದು ಶುರುವಾಗಿರುತ್ತದೆ. ಎಲ್ಲ ಸರಿಯಿದ್ದರೆ ಎರಡು ಮೂರು ದಿನಕ್ಕೆ ಇಮ್ಮಡಿ ಆಗುವ ಗುಟ್ಟು ಇದು. ಆದರೆ ಜಾಗ ಖಾಲಿ ಇದ್ದರೆ ಮಾತ್ರ.

ಈಗ ಗುಂಡಿ. ಅಗಲ 4 ಅಡಿ ಮೀರಬಾರದು, ಎರಡೂ ಕಡೆಯಿಂದ ನಡುಮಧ್ಯಕ್ಕೆ ಕೈ ಸಿಗಬೇಕು. ಉದ್ದ 12 ಅಡಿ, ಆಳ ಒಂದಡಿ. ತಳದಲ್ಲಿ ಕಲ್ಲು, ಬೇರಿನ ತುದಿ ಇಲ್ಲದಂತೆ ಸವರಿ, ಹಳೇ ಗೊಬ್ಬರದ ಚೀಲ ಹಾಸಿ. ಅದರ ಮೇಲೆ ಸಿಲ್ಪಾಲಿನ್ ಶೀಟ್ (ನೀರು ಇಂಗದ ಪ್ಲಾಸ್ಟಿಕ್ ಹಾಳೆ) ಹಾಸಿ, ಅಂಚಿಗೆ ಇಟ್ಟಿಗೆ ಇಡಿ. ಮುಕ್ಕಾಲು ಅಡಿ ನೀರು ಬಿಟ್ಟರೆ ಸುಮಾರು 1,000 ಲೀಟರ್ ಹಿಡಿಯುತ್ತದೆ. ನಲ್ಲಿ ನೀರಾದರೆ ಒಂದು ದಿನ ಸುಮ್ನೆ ಬಿಡಿ, ಕ್ಲೋರಿನ್ ಹೋಗಲಿ. ನಾಲ್ಕೈದು ಕೆಜಿ ಹಸಿ ಸಗಣಿಯನ್ನು ಬಕೆಟ್ಟಿನಲ್ಲಿ ಕದಡಿ, ಗೋಣಿಬಟ್ಟೆಯಲ್ಲಿ ಸೋಸಿ ಸುರಿಯಿರಿ. ಆಮೇಲೆ ವಾರಕ್ಕೊಮ್ಮೆ 3 ಕೆಜಿ. ಗೋಬರ್ ಗ್ಯಾಸ್ ಇದ್ದವರು ಅದರ ಸ್ಲರಿಯನ್ನೇ ಹಾಕಬಹುದು.

ಬೀಜದ ಸೊಪ್ಪು, ಅಂದರೆ ಮೊದಲು ಬಿಡಲು ತಂದ ಡಕ್‌ವೀಡ್, ಸ್ವಲ್ಪವೇ ಸಿಕ್ಕಿದ್ದರೆ ಇಡೀ ಗುಂಡಿಗೆ ಹರಡಬೇಡಿ. ಬಯಲಾದ ನೀರಿಗೆ ಬಿಸಿಲು ಬಿದ್ದರೆ ನಿಜವಾದ ಪಾಚಿ ಬರುತ್ತದೆ. ಪಿವಿಸಿ ಪೈಪಿನ ಚೌಕಟ್ಟು ತೇಲಿಬಿಟ್ಟು ಅದರೊಳಗೆ ಒತ್ತಾಗಿ ಬಿಡಿ, ತುಂಬಿದ ಹಾಗೆ ಚೌಕಟ್ಟು ದೊಡ್ಡದು ಮಾಡಿ. ಗಾಳಿ ಜಾಸ್ತಿ ಇರುವ ಕಡೆ ಚೌಕಟ್ಟು ಕೊನೆಯವರೆಗೂ ಬೇಕು. ಇಲ್ಲದಿದ್ದರೆ ಎಲ್ಲ ಒಂದು ಮೂಲೆಗೆ ಹೋಗಿ ಒಂದರ ಮೇಲೊಂದು ಕೂರುತ್ತದೆ.

ಇದರ ಬೇಸಾಯ ಅಂದರೆ ತೆಗೆಯುವುದೇ. ಬೆಳಗ್ಗೆ ನೀರಿನ ಮೇಲೆ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಕಂಡು ನಿಧಾನಕ್ಕೆ ಮುಚ್ಚಿಕೊಂಡರೆ ಸರಿಯಾಗಿದೆ. ಗೆರೆಯೇ ಬೀಳದಷ್ಟು ದಪ್ಪ ಕಟ್ಟಿದ್ದರೆ ಕೆಳಗಿನ ಪದರಕ್ಕೆ ಬೆಳಕಿಲ್ಲ, ಅದು ಕೊಳೆಯುತ್ತಿದೆ ಅಂತ ಅರ್ಥ. ಆಗ ಮುಲಾಜಿಲ್ಲದೆ ಮೂರರಲ್ಲಿ ಒಂದು ಪಾಲು ತೆಗೆಯಿರಿ. ಸೊಳ್ಳೆ ಪರದೆಯ ತುಂಡನ್ನು ತಂತಿ ಬಳೆಗೆ ಹೊಲಿದರೆ ಜಾಲರಿ ತಯಾರು. ತೆಗೆದದ್ದನ್ನು ಬೇರೆ ನೀರಿನಲ್ಲಿ ಎರಡು ಸಲ ತೊಳೆದು, ಬುಟ್ಟಿಯಲ್ಲಿ ನೀರು ಸೋರಲು ಬಿಡಿ. ಹೊಸದರಲ್ಲಿ ಕೋಳಿಗಳು ಮೂಸಿಯೂ ನೋಡಲ್ಲ. ತೌಡಿನ ಜೊತೆ ಕಲಸಿ ಕೊಡಿ, ಆಮೇಲೆ ತಾವೇ ಮುಗಿಬೀಳುತ್ತವೆ. ಕೆಸುವಿನಲ್ಲಿ ಗಂಟಲು ಕೆರೆಯುವ ಆಕ್ಸಲೇಟ್ ಇದರಲ್ಲೂ ಇದೆ, ಬರೀ ಇದನ್ನೇ ಹಾಕಬೇಡಿ.

ಎಲೆ ಹಳದಿಗೆ ತಿರುಗಿ ಬೇರು ಉದ್ದ ಬೆಳೆದರೆ ಗೊಬ್ಬರ ಸಾಲುತ್ತಿಲ್ಲ. ಬೇಸಿಗೆಯಲ್ಲಿ ನೀರು ಕಾದು ಬಿಳಿಚಿಕೊಂಡರೆ ಮೇಲೆ ತೆಂಗಿನ ಗರಿ ಹಾಕಿ. ಕಪ್ಪು ಹೇನು ಹತ್ತಿದರೆ ಔಷಧಿ ಹೊಡೆಯಬೇಡಿ, ಕೋಳಿ ತಿನ್ನೋದು ಅಲ್ವಾ? ಪೈಪಿನಲ್ಲಿ ಜೋರಾಗಿ ನೀರು ಬಿಟ್ಟು ತೊಳೆಯಿರಿ. ಸೊಳ್ಳೆಗೆ ನಾಲ್ಕಾರು ಗಪ್ಪಿ ಮೀನು ಸಾಕು. ಹುಲ್ಲುಗೆಂಡೆ (ಗ್ರಾಸ್ ಕಾರ್ಪ್) ಮೀನನ್ನು ಮಾತ್ರ ಗುಂಡಿಗೆ ಬಿಡಬೇಡಿ, ಪೂರ್ತಿ ತಿಂದು ಮುಗಿಸುತ್ತದೆ. ಕೃಷಿ ಹೊಂಡದಲ್ಲಿ ಅದನ್ನು ಸಾಕಿದ್ದರೆ, ಮಿಕ್ಕ ಸೊಪ್ಪನ್ನು ದಿನಾ ತಿಂದು ಮುಗಿಸುವಷ್ಟೇ ಹಾಕಿ.

ಬೀಜ ಎಲ್ಲಿಂದ ತರುತ್ತೀರಿ ಅನ್ನುವುದೂ ಮುಖ್ಯ. ಡಕ್‌ವೀಡ್ ನೀರಿನಲ್ಲಿರುವ ಸಾರಜನಕ, ರಂಜಕದ ಜೊತೆ ಸೀಸ, ಕ್ಯಾಡ್ಮಿಯಂನಂಥ ಲೋಹವನ್ನೂ ಹೀರಿಕೊಳ್ಳುತ್ತದೆ. ಕೊಳಕು ನೀರು ಶುದ್ಧ ಮಾಡಲು ಇದನ್ನು ಬಳಸುವುದು ಅದಕ್ಕೇ. ಊರಿನ ಚರಂಡಿ, ಕಾರ್ಖಾನೆ ನೀರು ಸೇರುವ ಕೆರೆಯಿಂದ ತಂದದ್ದನ್ನು ಕೋಳಿಗೆ ಹಾಕಲೇಬೇಡಿ. ಹೆಚ್ಚಾದದ್ದನ್ನು ಎರೆಗೊಬ್ಬರದ ತೊಟ್ಟಿಗೆ ಹಾಕಿ, ಕೆರೆಗೆ ಮಾತ್ರ ಸುರಿಯಬೇಡಿ. ಗೊಬ್ಬರದ ನೀರು ಹರಿದು ಬರುವ ಕೆರೆಯಾದರೆ ಇದು ಮೇಲೆಲ್ಲ ಹಾಸಿಕೊಂಡು ಕೆಳಗೆ ಬೆಳಕು, ಆಮ್ಲಜನಕ ಇಲ್ಲದಂತೆ ಮಾಡುತ್ತದೆ, ಮೀನು ಸಾಯುತ್ತವೆ.