ಒಳ್ಳೆಯ ಶಾಲೆಗಾಗಿ ದುಬಾರಿ ಬಡಾವಣೆಗೆ ಹೋಗಬೇಕೇ? ನಿರ್ಧರಿಸುವುದು ಹೀಗೆ

ಮಕ್ಕಳ ಓದಿಗಾಗಿ ಮನೆ ಬದಲಿಸುವ ಯೋಚನೆ ಬಂದಾಗ ಹಲವು ಕುಟುಂಬಗಳಲ್ಲಿ ಕೆಲಸ ತಲೆಕೆಳಗಾಗಿ ಸಾಗುತ್ತದೆ. ಮೊದಲು ಬಡಾವಣೆ ಹಿಡಿಸುತ್ತದೆ, ಆಮೇಲೆ ಮನೆ ನೋಡುತ್ತಾರೆ, ಸಾಲ ಮಂಜೂರಾಗುತ್ತದೆ. ಶಾಲೆಯ ಕಚೇರಿಗೆ ಹೋಗಿ ವಿಚಾರಿಸುವುದು ಕೊನೆಗೆ. ಅಷ್ಟು ಹೊತ್ತಿಗೆ ಹಿಂದೆ ಸರಿಯುವುದು ಕಷ್ಟ. ಮೊದಲು ಮಗುವಿನ ಅಗತ್ಯ, ನಂತರ ಸೀಟು, ಅದಾದ ಮೇಲೆ ಹಣ, ಕಟ್ಟಕಡೆಗೆ ಮನೆ ಎಂಬ ಕ್ರಮ ಹಿಡಿಯಿರಿ. ಪ್ರವೇಶಾತಿ ಶುರುವಾಗುವುದಕ್ಕೆ ಆರು ತಿಂಗಳು ಮೊದಲೇ ಕೂತರೆ ಆತುರವಿಲ್ಲದೆ ಮುಗಿಯುತ್ತದೆ.

1. ಕೊರತೆಯನ್ನು ಬರೆದಿಡಿ

ಈಗಿನ ಶಾಲೆಯಲ್ಲಿ ನಿಮ್ಮ ಮಗುವಿಗೆ ಏನು ಸಿಗುತ್ತಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ‘ಶಾಲೆ ಚೆನ್ನಾಗಿಲ್ಲ’ ಎಂದು ಬರೆದರೆ ಏನೂ ತಿಳಿಯುವುದಿಲ್ಲ. ‘ಒಂದೇ ವರ್ಷದಲ್ಲಿ ಗಣಿತಕ್ಕೆ ಮೂವರು ಶಿಕ್ಷಕರು ಬದಲಾದರು’, ‘ಓದಲು ತಡವರಿಸುವ ಮಗುವಿಗೆ ನೆರವು ಕೊಡುವವರಿಲ್ಲ’, ‘ವಿಜ್ಞಾನದ ಪ್ರಯೋಗಾಲಯ ಬೀಗ ಹಾಕಿಯೇ ಇರುತ್ತದೆ’ ಎಂಬಂತೆ ಬರೆಯಿರಿ. ಪ್ರತಿಯೊಂದರ ಎದುರಿಗೆ, ಇದು ಮನೆ ಬದಲಿಸದೆ ಸರಿಹೋಗುತ್ತದೆಯೇ ಎಂದು ಗುರುತು ಹಾಕಿ. ಮುಖ್ಯ ಶಿಕ್ಷಕರ ಜೊತೆ ಒಂದು ಮಾತು, ಬೇರೆ ವಿಭಾಗ, ವಾರಕ್ಕೆ ಎರಡು ಗಂಟೆಯ ಟ್ಯೂಷನ್, ಅದೇ ಪ್ರದೇಶದ ಇನ್ನೊಂದು ಶಾಲೆ ಇವುಗಳಿಂದ ಎಷ್ಟೋ ಸಾಲುಗಳು ಅಳಿಯುತ್ತವೆ. ಉಳಿದವು ಮಾತ್ರ ಮನೆ ಬದಲಿಸಲು ಕಾರಣ.

ಒಂದು ಅಪವಾದವಿದೆ. ಮಗು ಹೊಡೆತ ತಿನ್ನುತ್ತಿದ್ದರೆ, ಹೆದರಿ ಶಾಲೆಗೆ ಹೋಗದಿದ್ದರೆ, ದೂರು ಕೊಟ್ಟ ಮೇಲೂ ಶಾಲೆ ಕೈಕಟ್ಟಿ ಕೂತಿದ್ದರೆ, ಈ ಹಾಳೆ, ಲೆಕ್ಕ ಎಲ್ಲ ಬದಿಗಿರಲಿ. ಮೊದಲು ಮಗುವನ್ನು ಅಲ್ಲಿಂದ ಬಿಡಿಸಿ.

2. ವಿಳಾಸದಿಂದ ಸೀಟು ಸಿಗುತ್ತದೆಯೇ?

ಬಡಾವಣೆಯಲ್ಲಿ ಒಳ್ಳೆಯ ಶಾಲೆ ಇದೆ ಎಂದ ಮಾತ್ರಕ್ಕೆ ಅಲ್ಲಿ ಮನೆ ಮಾಡಿದವರಿಗೆಲ್ಲ ಸೀಟು ಸಿಗುವುದಿಲ್ಲ. ಶಾಲೆಗಳು ಪ್ರವೇಶ ಕೊಡುವ ಬಗೆ ಬೇರೆಬೇರೆ: ಗಡಿ ಗುರುತಿಸಿದ ವ್ಯಾಪ್ತಿ, ಮನೆಯಿಂದ ಇರುವ ದೂರ, ಲಾಟರಿ, ಪರೀಕ್ಷೆ, ಮೊದಲು ಬಂದವರಿಗೆ ಆದ್ಯತೆ. ದೂರ ನೋಡಿ ಕೊಡುವ ಕಡೆ ಕೊನೆಯ ಸೀಟು ಎಷ್ಟು ದೂರದ ಮನೆಗೆ ಸಿಕ್ಕಿತು ಎಂಬುದು ವರ್ಷವರ್ಷವೂ ಬದಲಾಗುತ್ತದೆ. ಇಂಗ್ಲೆಂಡಿನಲ್ಲಿ ಬೇಡಿಕೆ ಹೆಚ್ಚಿರುವ ಎಷ್ಟೋ ಶಾಲೆಗಳಲ್ಲಿ ನಡೆಯುವುದು ಹೀಗೇ. ಹೋದ ವರ್ಷ ಒಳಗಿದ್ದ ಬೀದಿ ಈ ವರ್ಷ ಹೊರಗಿರಬಹುದು. ಅಮೆರಿಕದಂತೆ ನಕ್ಷೆಯ ಗಡಿ ನೋಡಿ ಮಕ್ಕಳನ್ನು ಹಂಚುವ ಕಡೆ, ಹೊಸ ಶಾಲೆ ತೆರೆದಾಗಲೋ ಇರುವ ಶಾಲೆ ತುಂಬಿದಾಗಲೋ ಗಡಿಯನ್ನೇ ತಿದ್ದುತ್ತಾರೆ.

ಶಾಲೆಯ ಕಚೇರಿಯಿಂದ ಈ ಉತ್ತರಗಳನ್ನು ಬರಹದಲ್ಲಿ ಪಡೆಯಿರಿ: ಮಗು ಸೇರಬೇಕಾದ ತರಗತಿಯಲ್ಲಿ ಈಗ ಎಷ್ಟು ಸೀಟು ಖಾಲಿ ಇದೆ? ಯಾವ ದಿನಾಂಕಕ್ಕೆ ಹೊಸ ವಿಳಾಸದಲ್ಲಿ ವಾಸವಿರಬೇಕು? ಬಾಡಿಗೆ ಕರಾರು ನಡೆಯುತ್ತದೆಯೇ, ಎಷ್ಟು ತಿಂಗಳದ್ದು ಬೇಕು? ತಮ್ಮ ತಂಗಿಯರಿಗೆ ಆದ್ಯತೆ ಇದೆಯೇ? ಗಡಿ ಬದಲಿಸುವ ಪ್ರಸ್ತಾವ ಏನಾದರೂ ಇದೆಯೇ? ಮನೆ ತೋರಿಸುವ ಮಧ್ಯವರ್ತಿ ‘ಇಲ್ಲಿದ್ದರೆ ಸೀಟು ಗ್ಯಾರಂಟಿ’ ಎಂದು ಹೇಳಿದ್ದನ್ನು ಉತ್ತರವೆಂದು ತಿಳಿಯಬೇಡಿ, ಸೀಟು ಕೊಡುವವರು ಅವರಲ್ಲ.

3. ಫಲಿತಾಂಶವನ್ನು ಓದುವ ಬಗೆ

ಹೆಚ್ಚಿನವರು ಎಡವುವುದು ಇಲ್ಲೇ. ಶಾಲೆಯ ಸರಾಸರಿ ಅಂಕದಲ್ಲಿ ಎರಡು ಸಂಗತಿ ಬೆರೆತಿರುತ್ತವೆ: ಶಾಲೆ ಕಲಿಸಿದ್ದು ಎಷ್ಟು, ಮಕ್ಕಳು ಮನೆಯಿಂದ ತಂದದ್ದು ಎಷ್ಟು. ಓದಿದ, ಅನುಕೂಲವಂತ ತಂದೆತಾಯಿಗಳು ಹೆಚ್ಚಿರುವ ಬಡಾವಣೆಯ ಶಾಲೆಯಲ್ಲಿ ಪಾಠ ಸಾಧಾರಣವಾಗಿದ್ದರೂ ಸರಾಸರಿ ಮೇಲೇ ಇರುತ್ತದೆ. ಅಮೆರಿಕದಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ನೇತೃತ್ವದ 1966ರ ವರದಿ, ಮಕ್ಕಳ ಅಂಕಗಳ ಅಂತರಕ್ಕೆ ಮನೆಯ ಹಿನ್ನೆಲೆ ಎಷ್ಟು ದೊಡ್ಡ ಕಾರಣ ಎಂಬುದನ್ನು ಮುಂದಿಟ್ಟಿತು. 2014ರಲ್ಲಿ ಅಬ್ದುಲ್‌ಕಾದಿರೋಗ್ಲು, ಆಂಗ್ರಿಸ್ಟ್, ಪಾಠಕ್ ಎಂಬ ಅರ್ಥಶಾಸ್ತ್ರಜ್ಞರು ಬಾಸ್ಟನ್, ನ್ಯೂಯಾರ್ಕ್‌ನಲ್ಲಿ ಪ್ರವೇಶ ಪರೀಕ್ಷೆಯಿಂದ ಮಕ್ಕಳನ್ನು ಆರಿಸುವ ಪ್ರತಿಷ್ಠಿತ ಶಾಲೆಗಳನ್ನು ಪರಿಶೀಲಿಸಿದರು. ಪ್ರವೇಶದ ಗೆರೆಯನ್ನು ಕೂದಲೆಳೆಯಲ್ಲಿ ದಾಟಿದವರು, ಕೂದಲೆಳೆಯಲ್ಲಿ ಆ ಗೆರೆ ತಲುಪದೆ ಹೋದವರು ಇಬ್ಬರನ್ನೂ ಹೋಲಿಸಿದಾಗ ಮುಂದಿನ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಜಾಣ ಸಹಪಾಠಿಗಳು ಸಿಕ್ಕರೂ ಅಷ್ಟರಿಂದಲೇ ಅಂಕ ಏರಲಿಲ್ಲ.

ಆದ್ದರಿಂದ ಕೇಳಬೇಕಾದದ್ದು ಪ್ರಗತಿಯ ಅಂಕಿಅಂಶ: ಸೇರುವಾಗ ಮಕ್ಕಳು ಎಲ್ಲಿದ್ದರು, ಹೊರಬೀಳುವಾಗ ಎಲ್ಲಿದ್ದರು? ಅಂಥ ಲೆಕ್ಕ ಪ್ರಕಟವಾಗುವ ಕಡೆ ಅದನ್ನೇ ಮೊದಲು ನೋಡಿ. ಇಲ್ಲದಿದ್ದರೆ ನಿಮ್ಮ ಮಗುವಿನಂಥ ಮಕ್ಕಳು ಅಲ್ಲಿ ಹೇಗಿದ್ದಾರೆ ಎಂದು ವಿಚಾರಿಸಿ. ಮಗು ಮಧ್ಯಮ ಮಟ್ಟದಲ್ಲಿ ಓದುತ್ತಿದ್ದರೆ ಆ ಶಾಲೆಯ ಮೊದಲ ಹತ್ತು ರ್‍ಯಾಂಕುಗಳಿಂದ ನಿಮಗೇನೂ ತಿಳಿಯದು.

ಒಂದೇ ವರ್ಷದ ಫಲಿತಾಂಶವನ್ನು ನಂಬಲೇಬೇಡಿ. 30 ಮಕ್ಕಳ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಪಾಸಾದರೂ ಫೇಲಾದರೂ ಶೇಕಡಾವಾರಿನಲ್ಲಿ 3.3 ಅಂಶ ಏರುಪೇರಾಗುತ್ತದೆ. ಸಾಮಾನ್ಯವಾಗಿ ಶೇ 70 ಮಂದಿ ಪಾಸಾಗುವ ಶಾಲೆಯಲ್ಲಿ, ಬೋಧನೆ ಏನೂ ಬದಲಾಗದಿದ್ದರೂ, ಬರೀ ಆಕಸ್ಮಿಕದಿಂದ ಅದು ಒಂದು ವರ್ಷ 62, ಮರುವರ್ಷ 78 ಆಗಬಲ್ಲದು. ಕನಿಷ್ಠ ಮೂರು ವರ್ಷಗಳದ್ದನ್ನು ಕೂಡಿಸಿ ನೋಡಿ. ಆಗಲೂ ನಾಲ್ಕೈದು ಅಂಶಗಳ ಅಂತರವಿರುವ ಎರಡು ಶಾಲೆಗಳನ್ನು ಸಮವೆಂದೇ ಎಣಿಸಿ.

4. ಶಾಲೆಯೊಳಗೆ ಹೋಗಿ

ಪ್ರದರ್ಶನದ ದಿನ ಬೇಡ, ಮಾಮೂಲಿ ದಿನ ಅನುಮತಿ ಪಡೆದು ಹೋಗಿ. ಕಟ್ಟಡ, ಈಜುಕೊಳಕ್ಕಿಂತ ಮಕ್ಕಳ ನೋಟ್‌ಬುಕ್ ಹೆಚ್ಚು ಹೇಳುತ್ತದೆ. ಶಿಕ್ಷಕರು ಬರೀ ಸಹಿ ಹಾಕಿದ್ದಾರೆಯೇ ಅಥವಾ ತಪ್ಪು ಎಲ್ಲಿ ಎಂದು ಬರೆದು, ಮಗು ಅದನ್ನು ತಿದ್ದಿದೆಯೇ ನೋಡಿ. ಎರಡು ವರ್ಷಗಳಲ್ಲಿ ಎಷ್ಟು ಶಿಕ್ಷಕರು ಬಿಟ್ಟುಹೋದರು, ಹಿಂದುಳಿದ ಮಗುವಿಗೆ ಮೊದಲ ತಿಂಗಳಲ್ಲಿ ಏನು ಮಾಡುತ್ತೀರಿ ಎಂದು ಕೇಳಿ. ಎರಡನೆಯ ಪ್ರಶ್ನೆಗೆ ‘ನಮ್ಮಲ್ಲಿ ಯಾರೂ ಹಿಂದುಳಿಯುವುದಿಲ್ಲ’ ಎಂಬ ಉತ್ತರ ಬಂದರೆ, ಹಿಂದುಳಿದವರ ಹೊರೆಯನ್ನು ಮನೆಯವರೋ ಟ್ಯೂಷನ್‌ನವರೋ ಹೊರುತ್ತಿದ್ದಾರೆ ಎಂದೇ ಅರ್ಥ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತು ಮೂರು ಮಂದಿ ಪೋಷಕರನ್ನು ಮಾತಾಡಿಸಿ, ಅವರ ಮಕ್ಕಳು ಟ್ಯೂಷನ್‌ಗೆ ಹೋಗುತ್ತಾರೆಯೇ ಎಂದು ತಿಳಿಯಿರಿ.

5. ಒಂದು ಸೀಟಿಗೆ ವರ್ಷಕ್ಕೆ ಬೀಳುವ ವೆಚ್ಚ

ಮನೆಯ ತಿಂಗಳ ಆದಾಯವನ್ನು 100 ಎಂದು ಇಟ್ಟುಕೊಳ್ಳಿ. ಈಗ ಮನೆಗೆ 30 ಹೋಗುತ್ತಿದೆ, ಹೊಸ ಬಡಾವಣೆಯಲ್ಲಿ ಬಾಡಿಗೆ, ಓಡಾಟ, ನಿರ್ವಹಣೆ ಎಲ್ಲ ಸೇರಿ 42 ಆಗುತ್ತದೆ ಎಂದುಕೊಳ್ಳೋಣ. ಹೆಚ್ಚುವರಿ ತಿಂಗಳಿಗೆ 12, ವರ್ಷಕ್ಕೆ 144. ಸಾಗಣೆ, ಮಧ್ಯವರ್ತಿಯ ಕಮಿಷನ್, ಹೊಸ ಸಾಮಾನು ಇತ್ಯಾದಿ ಒಂದು ಸಲದ ಖರ್ಚು 150.

6 ಮತ್ತು 9 ವರ್ಷದ ಇಬ್ಬರು ಮಕ್ಕಳು 16 ತುಂಬುವವರೆಗೆ ಅಲ್ಲಿ ಓದಿದರೆ 10 ವರ್ಷದ ವೆಚ್ಚ 1,590. ಒಟ್ಟು ಓದಿನ ವರ್ಷ 10+7, ಅಂದರೆ 17. ಒಂದು ಮಗುವಿಗೆ ವರ್ಷಕ್ಕೆ ಸುಮಾರು 94, ಹೆಚ್ಚುಕಡಿಮೆ ಒಂದು ತಿಂಗಳ ಆದಾಯ. ಅದೇ 9 ವರ್ಷದ ಒಂದೇ ಮಗುವಿದ್ದರೆ 7 ವರ್ಷಕ್ಕೆ 1,158, ವರ್ಷಕ್ಕೆ 165. ಒಂದೇ ಬಡಾವಣೆ, ಒಂದೇ ಶಾಲೆ, ಆದರೂ ಎರಡನೆಯ ಕುಟುಂಬಕ್ಕೆ ಸೀಟು ಮುಕ್ಕಾಲು ಪಾಲು ಹೆಚ್ಚು ದುಬಾರಿ. ಈ ಮೊತ್ತವನ್ನು ಮೊದಲ ಹಾಳೆಯಲ್ಲಿ ಉಳಿದ ಕೊರತೆಗಳ ಪಕ್ಕ ಇಟ್ಟು, ಇದೇ ಹಣದಿಂದ ಅವನ್ನು ಬೇರೆ ದಾರಿಯಲ್ಲಿ ತುಂಬಬಹುದೇ ಎಂದು ನೋಡಿ.

ಕೊಳ್ಳುವುದಾದರೆ ಕಂತಿನ ಅಸಲು ಭಾಗ ನಿಮ್ಮದೇ ಆಸ್ತಿಯಾಗುತ್ತದೆ, ಬಡ್ಡಿಯನ್ನಷ್ಟೇ ವೆಚ್ಚಕ್ಕೆ ಸೇರಿಸಿ. ಆದರೆ ಮೊದಲ ವರ್ಷಗಳಲ್ಲಿ ಅಸಲು ಕರಗುವುದು ಬಲು ನಿಧಾನ. ಶೇ 8ರ ಬಡ್ಡಿಯಲ್ಲಿ 20 ವರ್ಷದ ಸಾಲಕ್ಕೆ ಪ್ರತಿ 1,000ಕ್ಕೆ ತಿಂಗಳ ಕಂತು 8.36. ಐದು ವರ್ಷದಲ್ಲಿ 502 ಕಟ್ಟಿರುತ್ತೀರಿ, ಅದರಲ್ಲಿ 377 ಬಡ್ಡಿಗೇ ಹೋಗಿರುತ್ತದೆ, ಇನ್ನೂ 875 ಬಾಕಿ. ಬಡ್ಡಿದರ ಶೇ 10 ಇದ್ದರೆ ಕಂತು 9.65. ಬದಲಾಗುವ ದರದ ಸಾಲವಾದರೆ ಈ ಕಂತನ್ನೂ ತಾಳಬಲ್ಲೆವೇ ಎಂದು ಮೊದಲೇ ನೋಡಿ. ಒಬ್ಬರ ಸಂಬಳ ಆರು ತಿಂಗಳು ನಿಂತರೂ ಕಂತು ನಡೆಯಬೇಕು. ಆಗದಿದ್ದರೆ ಆ ಮನೆ ಬೇಡ.

ಬೆಲೆಯಲ್ಲಿ ಶಾಲೆಯ ಪಾಲು ಎಷ್ಟೆಂದು ತಿಳಿಯಲು, ಶಾಲಾ ಗಡಿಯ ಎರಡೂ ಬದಿಯಲ್ಲಿ ಒಂದೇ ಅಳತೆಯ, ಒಂದೇ ವಯಸ್ಸಿನ ಮನೆಗಳ ದರ ಹೋಲಿಸಿ. ಅರ್ಥಶಾಸ್ತ್ರಜ್ಞೆ ಸಾಂಡ್ರಾ ಬ್ಲ್ಯಾಕ್ 1999ರಲ್ಲಿ ಬಾಸ್ಟನ್ ಸುತ್ತಲಿನ ಉಪನಗರಗಳಲ್ಲಿ ಮಾಡಿದ್ದು ಇದನ್ನೇ. ಪರೀಕ್ಷಾ ಅಂಕ ಶೇ 5 ಹೆಚ್ಚಿದ್ದರೆ ಜನ ಮನೆಗೆ ಸುಮಾರು ಶೇ 2.5 ಹೆಚ್ಚು ಕೊಡುತ್ತಿದ್ದರು. ಗಡಿಯ ಆಚೀಚೆಯ ಅಂತರಕ್ಕಿಂತ ನೀವು ಕೊಡುವ ಹೆಚ್ಚುವರಿ ಹಣ ತೀರಾ ದೊಡ್ಡದಿದ್ದರೆ, ಉಳಿದದ್ದು ಉದ್ಯಾನ, ರಸ್ತೆ, ಹೆಸರಿಗೆ ಕೊಡುವ ಹಣ. ಅದು ಬೇಕಿದ್ದರೆ ಕೊಡಿ, ಶಾಲೆಯ ಲೆಕ್ಕಕ್ಕೆ ಬರೆಯಬೇಡಿ.

6. ಸಮಯ, ವಯಸ್ಸು

ಕೆಲಸಕ್ಕೆ ಹೋಗುವ ದಾರಿ ಒಂದು ಕಡೆಗೆ 40 ನಿಮಿಷ ಹೆಚ್ಚಾದರೆ, 220 ಕೆಲಸದ ದಿನಗಳಲ್ಲಿ 293 ಗಂಟೆ ಹೋಗುತ್ತದೆ. ಸಂಜೆ ಮಗುವಿನ ಪಕ್ಕ ಕೂತು ಓದಿಸುತ್ತಿದ್ದ ಗಂಟೆಗಳು ಇವೇ ಆಗಿದ್ದರೆ ಹೊಸ ಶಾಲೆಯ ಲಾಭ ಅಲ್ಲಿಗೇ ಸೋರಿಹೋಗುತ್ತದೆ.

ವಯಸ್ಸು ಇನ್ನೂ ಮುಖ್ಯ. ಅಮೆರಿಕದಲ್ಲಿ 1990ರ ದಶಕದಲ್ಲಿ ಐದು ನಗರಗಳ ಬಡ ಕುಟುಂಬಗಳಿಗೆ ಲಾಟರಿಯಿಂದ ಬಡತನ ಕಡಿಮೆಯಿರುವ ಬಡಾವಣೆಗೆ ಹೋಗಲು ನೆರವು ಕೊಟ್ಟಿದ್ದರು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು 2016ರಲ್ಲಿ ಆ ಮಕ್ಕಳ ಮುಂದಿನ ಗಳಿಕೆ ನೋಡಿದಾಗ, 13 ತುಂಬುವ ಮೊದಲು ಹೋದವರ ಆದಾಯ ಶೇ 31ರಷ್ಟು ಹೆಚ್ಚಿತ್ತು. ಅದಕ್ಕಿಂತ ದೊಡ್ಡವರಾಗಿ ಹೋದವರಿಗೆ ಲಾಭ ಕಾಣಲಿಲ್ಲ, ತುಸು ನಷ್ಟವೇ ಆದಂತಿತ್ತು. ಅದು ಇಡೀ ಪರಿಸರ ಬದಲಾದ ಬಡ ಕುಟುಂಬಗಳ ಲೆಕ್ಕ, ಒಂದು ಮಧ್ಯಮ ಬಡಾವಣೆಯಿಂದ ಇನ್ನೊಂದಕ್ಕೆ ಹೋಗುವವರು ಅಷ್ಟನ್ನು ನಿರೀಕ್ಷಿಸಬಾರದು. ಹೋಗುವುದಾದರೆ ಬೇಗ ಹೋಗಬೇಕು ಎಂಬುದು ಮಾತ್ರ ಇಲ್ಲಿಂದ ಕಲಿಯಬಹುದಾದದ್ದು. ಗೆಳೆಯರ ಬಳಗ ಗಟ್ಟಿಯಾದ ಹದಿಹರೆಯದ ಮಗುವನ್ನು, ಅದರಲ್ಲೂ ಪಬ್ಲಿಕ್ ಪರೀಕ್ಷೆಯ ವರ್ಷದಲ್ಲಿ, ಕಿತ್ತು ನೆಡಬೇಡಿ.

7. ಪರೀಕ್ಷಿಸಿ ನೋಡಿ

ಐದನೆಯ ಹಂತದಲ್ಲಿ ಲೆಕ್ಕ ಹಾಕಿದ ತಿಂಗಳ ಹೆಚ್ಚುವರಿಯನ್ನು (ಉದಾಹರಣೆಯಲ್ಲಿ 100ಕ್ಕೆ 12) ಮೂರು ತಿಂಗಳು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿ, ಉಳಿದದ್ದರಲ್ಲಿ ಮನೆ ನಡೆಸಿ. ಒಮ್ಮೆಯಾದರೂ ಆ ಖಾತೆಗೆ ಕೈಹಾಕಬೇಕಾಗಿ ಬಂದರೆ ಈ ಬಡಾವಣೆ ಕೈಗೆಟಕದು. ಹೊಸ ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯಲ್ಲಿ ಬೆಳಗಿನ ದಟ್ಟಣೆಯ ಹೊತ್ತಿಗೇ ಒಂದು ವಾರ ಓಡಾಡಿ.

ಎಲ್ಲ ಸರಿಯೆನಿಸಿದರೂ ಮೊದಲ ವರ್ಷ ಬಾಡಿಗೆಗೇ ಇರಿ. ಇರುವ ಮನೆ ಸ್ವಂತದ್ದಾದರೆ ಮಾರದೆ ಬಾಡಿಗೆಗೆ ಕೊಡಿ. ಶಾಲೆ ಮಗುವಿಗೆ ಹೊಂದದಿದ್ದರೆ ಹಿಂತಿರುಗಲು ದಾರಿ ಇರುತ್ತದೆ. ಶೈಕ್ಷಣಿಕ ವರ್ಷ ಮುಗಿಯುವ ಮೊದಲು ಖಾಲಿ ಮಾಡಿಸಬಾರದೆಂಬ ಷರತ್ತನ್ನು ಕರಾರಿನಲ್ಲಿ ಬರೆಸಿ, ಮಧ್ಯದಲ್ಲಿ ವಿಳಾಸ ತಪ್ಪಿದರೆ ಕೆಲವು ಕಡೆ ಸೀಟೂ ತಪ್ಪುತ್ತದೆ. ಹೊಸ ಶಾಲೆ ಸೀಟನ್ನು ಬರಹದಲ್ಲಿ ಖಚಿತಪಡಿಸಿದ ಮೇಲೆಯೇ ಹಳೆಯ ಶಾಲೆಯಿಂದ ವರ್ಗಾವಣೆ ಪತ್ರ ತೆಗೆದುಕೊಳ್ಳಿ.