ಮಾಸ್ಟರ್ ಆಫ್ ಒರಿಯನ್ 2: ನಾನು ಹಡಗು ಕಟ್ಟೋ ರೀತಿ

ಸ್ಪೇಸ್ ಎಂಪೈರ್ ಗೇಮ್‌ಗಳು ಎಷ್ಟೋ ಬಂದ್ವು, ಎಷ್ಟೋ ಹೋದ್ವು, ನಾನು ಮಾತ್ರ ತಿರ್ಗಾ ತಿರ್ಗಾ ಬರೋದು ಮಾಸ್ಟರ್ ಆಫ್ ಒರಿಯನ್ 2ಗೇ. 1996ರಲ್ಲಿ ಸಿಮ್‌ಟೆಕ್ಸ್‌ನೋರು ಮಾಡಿ ಮೈಕ್ರೋಪ್ರೋಸ್‌ನೋರು ಹೊರಗೆ ತಂದಿದ್ದು, ಹಳೇ ಡಾಸ್ ಗೇಮ್ ಓಡಿಸೋ ಡಾಸ್‌ಬಾಕ್ಸ್ ಪ್ರೋಗ್ರಾಂ ಇದ್ರೆ ಯಾವ ಹಳೇ ಲ್ಯಾಪ್‌ಟಾಪ್‌ನಲ್ಲಾದ್ರೂ ಓಡತ್ತೆ. ಗ್ರಾಫಿಕ್ಸ್ ನೋಡಿ ಮೂಗು ಮುರೀಬೇಡಿ. ಅದರ ಹಡಗು ಡಿಸೈನ್ ಸ್ಕ್ರೀನ್ ಇದೆಯಲ್ಲ, ಅದ್ರ ಮುಂದೆ ಕೂತು ತಲೆ ಕೆಡಿಸ್ಕೊಳ್ಳೋ ಖುಷಿ ನಂಗೆ ಬೇರೆ ಯಾವ ಗೇಮಲ್ಲೂ ಸಿಕ್ಕಿಲ್ಲ.

ನಾನು ಆಡೋ ರೀತಿ ಒಂದೇ ಮಾತಲ್ಲಿ ಹೇಳ್ಬೇಕು ಅಂದ್ರೆ, ಎಲ್ಲಾ ಯುದ್ಧಕ್ಕೂ ಆಗ್ಬರೋ ಹಡಗು ಅಂತ ನಾನು ಯಾವತ್ತೂ ಕಟ್ಟಲ್ಲ. ಮುಂದಿನ ಯುದ್ಧ ಯಾರ ಜೊತೆ, ಅವರ ಹತ್ರ ಏನಿದೆ, ಅಷ್ಟು ನೋಡ್ಕೊಂಡು ಆ ಒಂದು ಯುದ್ಧಕ್ಕೆ ಕಟ್ತೀನಿ. ಗೇಮ್ ಕೊಡೋದೇ ಐದು ಡಿಸೈನ್ ಜಾಗ, ಅದರಲ್ಲಿ ಹಳೇದನ್ನ ಪ್ರೀತಿ ಅಂತ ಇಟ್ಕೊಂಡು ಕೂರೋಕಾಗಲ್ಲ.

ಮೊದ್ಲು ಜಾಗದ ಲೆಕ್ಕ. ಫ್ರಿಗೇಟ್‌ನಲ್ಲಿ 25 ಯೂನಿಟ್ ಜಾಗ, ಡಿಸ್ಟ್ರಾಯರ್‌ಗೆ 60, ಕ್ರೂಸರ್‌ಗೆ 120, ಬ್ಯಾಟಲ್‌ಶಿಪ್‌ಗೆ 250, ಟೈಟನ್‌ಗೆ 500, ಕೊನೇಲಿ ಡೂಮ್ ಸ್ಟಾರ್‌ಗೆ 1200. ಇದ್ರ ಜೊತೆ ಕಮಾಂಡ್ ಪಾಯಿಂಟ್ ನೋಡ್ಬೇಕು, ಅಂದ್ರೆ ನಮ್ಮ ಸಾಮ್ರಾಜ್ಯ ಎಷ್ಟು ಹಡಗು ಸಾಕಬಹುದು ಅನ್ನೋ ಲೆಕ್ಕ, ಫ್ರಿಗೇಟ್‌ಗೆ 1 ಇಂದ ಶುರುವಾಗಿ ಒಂದೊಂದೇ ಏರಿ ಡೂಮ್ ಸ್ಟಾರ್‌ಗೆ 6. ಈಗ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಎರಡು ಡಿಸ್ಟ್ರಾಯರ್ ಸೇರಿದ್ರೆ 120 ಜಾಗ, 4 ಪಾಯಿಂಟ್ ತಿನ್ನತ್ತೆ, ಅದೇ 120 ಜಾಗ ಒಂದು ಕ್ರೂಸರ್‌ನಲ್ಲಿ 3 ಪಾಯಿಂಟ್‌ಗೆ ಸಿಗತ್ತೆ. ಎರಡು ಬ್ಯಾಟಲ್‌ಶಿಪ್‌ಗೆ 8 ಪಾಯಿಂಟ್, ಅಷ್ಟೇ ಜಾಗದ ಒಂದು ಟೈಟನ್‌ಗೆ 5. ಪಾಯಿಂಟ್ ಮೀರಿದ್ರೆ ಒಂದೊಂದು ಪಾಯಿಂಟ್‌ಗೂ ಪ್ರತಿ ಟರ್ನ್ 10 ಬಿಸಿ, ಅಂದ್ರೆ ಗೇಮಿನ ದುಡ್ಡು, ಖಜಾನೆಯಿಂದ ಹೋಗ್ತಾ ಇರತ್ತೆ, ಯುದ್ಧ ಇರ್ಲಿ ಇಲ್ದೇ ಇರ್ಲಿ. ಅದಕ್ಕೇ ನಾನು ಸ್ಟಾರ್ ಬೇಸ್‌ಗಳನ್ನ, ಅಂದ್ರೆ ಗ್ರಹದ ಸುತ್ತ ಇರೋ ಕೋಟೆಗಳನ್ನ, ಬೇಗ ಬೇಗ ಕಟ್ಟೋದು, ಅವು ಗ್ರಹ ಕಾಯೋದಕ್ಕಿಂತ ಹೆಚ್ಚಾಗಿ ನಂಗೆ ಕಮಾಂಡ್ ಪಾಯಿಂಟ್ ಕೊಡೋದಕ್ಕೆ ಬೇಕು.

ಶುರುವಿನ ಯುದ್ಧಕ್ಕೆ ನನ್ನ ಕೈ ಹೋಗೋದು ಮಿಸೈಲ್‌ಗೇ. ಲೇಸರ್ ಥರದ ಬೀಮ್ ಆಯುಧ ಅಂದ್ರೆ ಹಡಗಲ್ಲಿ ಗುರಿ ಇಡೋಕೆ ಒಳ್ಳೇ ಕಂಪ್ಯೂಟರ್ ಬೇಕು, ಹತ್ರ ಹೋಗ್ಬೇಕು, ದೂರದಿಂದ ಹೊಡೆದ್ರೆ ಗುರಿನೂ ತಪ್ಪತ್ತೆ ಏಟೂ ಕಮ್ಮಿ ಆಗತ್ತೆ. ಮಿಸೈಲ್‌ಗೆ ಈ ತಲೆನೋವು ಇಲ್ಲ, ಎಷ್ಟೇ ದೂರದಿಂದ ಬಿಟ್ರೂ ತಲುಪಿದ್ಮೇಲೆ ಬೀಳೋ ಏಟು ಅಷ್ಟೇ. ರ‍್ಯಾಕ್‌ನಲ್ಲಿ ಎಷ್ಟು ಶಾಟ್ ಇರ್ಬೇಕು ಅಂತ ನಾವೇ ಆರಿಸಬಹುದು, ಕಮ್ಮಿ ಶಾಟ್ ಅಂದ್ರೆ ಕಮ್ಮಿ ಜಾಗ, ನಾನು ಕಣ್ಣು ಮುಚ್ಚಿ 2 ಶಾಟ್ ಹಾಕ್ತೀನಿ. ಯಾಕಂದ್ರೆ ಆ ಹಂತದ ಯುದ್ಧ ಮೊದಲ ಎರಡು ಸಲ ಬಿಟ್ಟಾಗ್ಲೇ ತೀರ್ಮಾನ ಆಗೋಗತ್ತೆ, ಮೂರನೇ ಸಲಕ್ಕೆ ಅಂತ ಹೊತ್ಕೊಂಡ್ ಹೋಗೋ ಮಿಸೈಲು ಬರೀ ಭಾರ, ಆ ಜಾಗದಲ್ಲಿ ಇನ್ನಷ್ಟು ಲಾಂಚರ್ ತುಂಬಿದ್ರೆ ಮೊದಲ ಏಟೇ ದೊಡ್ಡದಾಗತ್ತೆ.

ಇಲ್ಲಿ ಕೆಮಿಸ್ಟ್ರಿ ರಿಸರ್ಚ್ ಮುಖ್ಯ. ನ್ಯೂಕ್ಲಿಯರ್ ಮಿಸೈಲ್ ಹಳೇದು ಅಂತ ತುಂಬಾ ಜನ ಬಿಟ್ಬಿಡ್ತಾರೆ, ಆದ್ರೆ ಆ ಸಾಲಲ್ಲಿ ಮುಂದಕ್ಕೆ ಹೋದಂಗೆಲ್ಲ ಹಳೇ ಆಯುಧ ಚಿಕ್ಕದಾಗ್ತಾ ಹೋಗತ್ತೆ, ಅದಕ್ಕೆ ಹೊಸ ಹೊಸ ಸೌಲಭ್ಯನೂ ಸೇರ್ಕೊಳತ್ತೆ. ಎಂಐಆರ್‌ವಿ ಅನ್ನೋ ಸೌಲಭ್ಯ ಸಿಕ್ತು ಅಂದ್ರೆ ಒಂದು ಮಿಸೈಲ್ ನಾಲ್ಕು ಸಿಡಿತಲೆ ಆಗತ್ತೆ, 8ರ ಏಟು ನಾಲ್ಕು ಸಲ. ಅದನ್ನ ತುಂಬಿದ ಡಿಸ್ಟ್ರಾಯರ್‌ಗಳ ಗುಂಪು ಒಟ್ಟಿಗೆ ಒಂದೇ ಸ್ಟಾರ್ ಬೇಸ್ ಮೇಲೆ ಬಿಟ್ರೆ ಪಕ್ಕದ ಸಾಮ್ರಾಜ್ಯದ ತವರು ಗ್ರಹನೇ ಬರಿದಾಗಿ ನಿಲ್ಲತ್ತೆ. ಬಿಟ್ಟಾದ್ಮೇಲೆ ನಾನು ಹಡಗುಗಳನ್ನ ಹಿಂದಕ್ಕೆ ತಿರುಗಿಸಿ ದೂರ ಇಡ್ತೀನಿ, ಖಾಲಿ ರ‍್ಯಾಕ್ ಇಟ್ಕೊಂಡು ಎದುರಿಗೆ ನಿಂತು ಪೆಟ್ಟು ತಿನ್ನೋದ್ರಲ್ಲಿ ಏನೂ ಅರ್ಥ ಇಲ್ಲ.

ಆದ್ರೆ ಇದು ಬಹಳ ದಿನ ನಡಿಯಲ್ಲ. ಎದುರಾಳಿ ಪಾಯಿಂಟ್ ಡಿಫೆನ್ಸ್, ಅಂದ್ರೆ ಬರೋ ಮಿಸೈಲ್ ಹೊಡೆಯೋ ಸಣ್ಣ ಬೀಮ್ ಹಾಕೋಕೆ ಶುರು ಮಾಡಿದ್ರೆ ದಾರೀಲೇ ಅರ್ಧ ಮಿಸೈಲ್ ಉದುರತ್ತೆ, ಇಸಿಎಂ ಜ್ಯಾಮರ್ ಬಂದ್ರೆ ಉಳಿದಿದ್ರಲ್ಲೂ ಮುಕ್ಕಾಲು ಪಾಲು ದಾರಿ ತಪ್ಪತ್ತೆ. ಶತ್ರು ಹಡಗಿನ ಮೇಲೆ ರೈಟ್ ಕ್ಲಿಕ್ ಮಾಡಿ ಏನೇನಿದೆ ನೋಡೋ ಅಭ್ಯಾಸ ಇರ್ಬೇಕು. ಅವೆರಡರಲ್ಲಿ ಒಂದು ಕಂಡ್ರೂ ನಾನು ಬೀಮ್ ಕಡೆ ಹೊರಳ್ತೀನಿ.

ಬೀಮ್ ವಿಷಯದಲ್ಲಿ ಗೇಮ್ ನಿಮ್ಮನ್ನ ಒಂದು ಕಡೆ ನಿಲ್ಲಿಸಿ ಗಟ್ಟಿಯಾಗಿ ಕೇಳತ್ತೆ. ಫೋರ್ಸ್ ಫೀಲ್ಡ್ಸ್ ರಿಸರ್ಚ್ ಸಾಲಲ್ಲಿ ಅಡ್ವಾನ್ಸ್ಡ್ ಮ್ಯಾಗ್ನೆಟಿಸಂ ಅಂತ ಬರತ್ತೆ, ಅಲ್ಲಿ ಕ್ಲಾಸ್ 1 ಶೀಲ್ಡ್, ಮಾಸ್ ಡ್ರೈವರ್, ಇಸಿಎಂ ಜ್ಯಾಮರ್ ಮೂರರಲ್ಲಿ ಒಂದು ಮಾತ್ರ ನಿಮ್ಗೆ. ಸೈಲಾನ್ ಥರ ಕ್ರಿಯೇಟಿವ್ ಜನಾಂಗ ಆದ್ರೆ ಮೂರೂ ಸಿಗತ್ತೆ, ಉಳಿದೋರಿಗೆ ಇಲ್ಲ. ನಾನು ಮಾಸ್ ಡ್ರೈವರ್ ಅನ್ನೋ ಗನ್ ತಗೋತೀನಿ, ಕಾರಣ ಇಲ್ಲಿದೆ ನೋಡಿ. ಲೇಸರ್ ಏಟು 1ರಿಂದ 4, ಅದೂ ದೂರ ಹೋದಂಗೆ ಕರಗತ್ತೆ. ಮಾಸ್ ಡ್ರೈವರ್ ಎಲ್ಲಿಂದ ಹೊಡೆದ್ರೂ 6. ಶೀಲ್ಡ್ ಕೆಲಸ ಮಾಡೋದು ಪ್ರತಿಯೊಂದು ಏಟಿಂದ ತನ್ನ ಕ್ಲಾಸ್‌ನಷ್ಟು ಕಳೆದು. ಅಂದ್ರೆ ಎದುರಾಳಿ ಹತ್ರ ಕ್ಲಾಸ್ 3 ಶೀಲ್ಡ್ ಇದ್ರೆ ಲೇಸರ್‌ನ ಅತಿ ದೊಡ್ಡ ಏಟಾದ 4ರಲ್ಲೂ ಉಳಿಯೋದು 1, ಮಿಕ್ಕಿದ್ದೆಲ್ಲ ಸೊನ್ನೆ. ಮಾಸ್ ಡ್ರೈವರ್‌ನ 6ರಲ್ಲಿ 3 ಒಳಗೆ ಹೋಗತ್ತೆ, ಪ್ರತಿ ಸಲ. ಸಣ್ಣ ಸಣ್ಣ ಲೇಸರ್ ಇಪ್ಪತ್ತು ತುಂಬಿದ್ರೂ ಈ ಗೋಡೆ ದಾಟೋಕೆ ಆಗಲ್ಲ, ಅದಕ್ಕೇ ಲೇಸರ್ ಬಿಟ್ಟು ಬೇರೆ ಗತಿ ಇಲ್ಲದಿದ್ದಾಗ ಹೆವಿ ಮೌಂಟ್, ಅಂದ್ರೆ ಅದೇ ಗನ್ನಿನ ದೊಡ್ಡ ರೂಪ, ಹಾಕ್ತೀನಿ, ಎರಡರಷ್ಟು ಜಾಗ ತಿಂದು ಒಂದೂವರೆ ಪಟ್ಟು ಹೊಡೆಯತ್ತೆ, 4 ಇದ್ದಿದ್ದು 6 ಆಗತ್ತೆ, ಆಗ ಶೀಲ್ಡ್ ಕಳೆದ್ಮೇಲೂ ಏನಾದ್ರೂ ಮಿಗತ್ತೆ.

ಸೈಲಾನ್‌ಗಳ ಮೇಲೆ ಯುದ್ಧಕ್ಕೆ ಹೋದಾಗ ಇದೇ ಲೆಕ್ಕ ಕೈ ಹಿಡೀತು. ಅವರ ಬ್ಯಾಟಲ್‌ಶಿಪ್‌ಗಳಲ್ಲಿ ಕ್ಲಾಸ್ 3 ಶೀಲ್ಡು, ಜ್ಯಾಮರು, ನಮಗಿಂತ ಒಳ್ಳೇ ಕಂಪ್ಯೂಟರು, ಎಲ್ಲಾ ಇತ್ತು. ನಾನು ತಗೊಂಡ್ ಹೋಗಿದ್ದು ಮಾಸ್ ಡ್ರೈವರ್ ತುಂಬಿದ ಕ್ರೂಸರ್‌ಗಳು, ಜೊತೆಗೆ ವೇಗಕ್ಕೆ ಅಂತ ಆಗ್ಮೆಂಟೆಡ್ ಎಂಜಿನ್ ಹಾಕಿದ ಒಂದಿಷ್ಟು ಡಿಸ್ಟ್ರಾಯರ್. ಈ ಗೇಮಲ್ಲಿ ಶೀಲ್ಡ್ ಅನ್ನೋದು ಹಡಗಿನ ನಾಲ್ಕು ಮಗ್ಗುಲಿಗೂ ಬೇರೆ ಬೇರೆ. ಕ್ರೂಸರ್‌ಗಳನ್ನ ಎದುರಿಗೆ ಸಾಲಾಗಿ ನಿಲ್ಲಿಸಿ ಮುಂದಿನ ಮಗ್ಗುಲಿಗೇ ಎಲ್ಲಾ ಏಟು ಹಾಕಿದೆ, ಬೇರೆ ಬೇರೆ ಹಡಗಿನ ಮೇಲೆ ಹಂಚಲಿಲ್ಲ, ಒಂದೇ ಹಡಗು, ಒಂದೇ ಮಗ್ಗುಲು. ಡಿಸ್ಟ್ರಾಯರ್‌ಗಳು ಸುತ್ತು ಹಾಕ್ಕೊಂಡು ಹಿಂದಕ್ಕೆ ಹೋದ್ವು. ಆ ಬ್ಯಾಟಲ್‌ಶಿಪ್ ತಿರುಗಿ ಡಿಸ್ಟ್ರಾಯರ್ ಕಡೆ ಮುಖ ಮಾಡಿದ್ರೆ ಬೆನ್ನು ಕ್ರೂಸರ್‌ಗಳಿಗೆ, ತಿರುಗದೇ ಇದ್ರೆ ಮುಂದಿನ ಶೀಲ್ಡ್ ಹೋಗಿ ಆರ್ಮರ್ ಸವೆಯತ್ತೆ. ನನ್ನ ಹಡಗುಗಳನ್ನೂ ಹಂಗೇ ತಿರುಗಿಸ್ತಾ ಇದ್ದೆ, ಒಂದು ಮಗ್ಗುಲು ಸೋತ್ರೆ ಸೋಲದೇ ಇರೋ ಮಗ್ಗುಲು ಎದುರಿಗೆ. ಇದನ್ನ ಆಟೋ ಕೊಟ್ಟು ಬಿಟ್ರೆ ಗೇಮ್ ತಾನಾಗೇ ಮಾಡಲ್ಲ, ಅದಕ್ಕೇ ನಾನು ದೊಡ್ಡ ಯುದ್ಧಗಳಲ್ಲಿ ಆಟೋ ಮುಟ್ಟೋದೇ ಇಲ್ಲ. ಇನ್ನೊಂದು, ಡ್ರೈವ್ ಹೋಗಿ ಸಿಡಿಯೋ ಹಡಗು ಪಕ್ಕದಲ್ಲಿರೋರಿಗೂ ಏಟು ಕೊಡತ್ತೆ, ಹಂಗಾಗಿ ಕೊನೇ ಏಟು ಹೊಡೆಯೋ ಮುಂಚೆ ನಮ್ಮೋರನ್ನ ಸ್ವಲ್ಪ ದೂರ ಸರಿಸಿಕೊಳ್ಳಿ.

ಸೈಲಾನ್‌ಗಳ ಜೊತೆ ಯುದ್ಧ ಅಂದ್ರೆ ಒಡೆಯೋದಕ್ಕಿಂತ ಹಿಡಿಯೋದ್ರಲ್ಲಿ ಲಾಭ ಜಾಸ್ತಿ. ಟ್ರ್ಯಾಕ್ಟರ್ ಬೀಮ್ ಸಿಕ್ಕಿದ್ಮೇಲೆ ಒಂದು ಡಿಸೈನ್ ಅದಕ್ಕೇ ಮೀಸಲು. ಶತ್ರು ಹಡಗನ್ನ ಅಲ್ಲಾಡದ ಹಂಗೆ ಹಿಡಿದು ಮರೀನ್‌ಗಳನ್ನ ಒಳಗೆ ಇಳಿಸೋದು, ಹಡಗು ದೊಡ್ಡದಾದಷ್ಟೂ ಜಾಸ್ತಿ ಟ್ರ್ಯಾಕ್ಟರ್ ಬೇಕು. ಹಿಡಿದ ಹಡಗನ್ನ ತಂದು ಸ್ಕ್ರ್ಯಾಪ್ ಮಾಡಿದ್ರೆ ಅದರಲ್ಲಿರೋ, ನಮ್ಮ ಹತ್ರ ಇಲ್ಲದ ಟೆಕ್ನಾಲಜಿ ಸಿಗೋ ಅವಕಾಶ ಇದೆ, ರಿಸರ್ಚ್‌ನಲ್ಲಿ ಬಿಟ್ಟುಕೊಟ್ಟಿದ್ದ ಶೀಲ್ಡು, ಜ್ಯಾಮರು ಹಿಂಗೆ ವಾಪಸ್ ಬರತ್ತೆ.

ಹಳೇ ಹಡಗುಗಳನ್ನ ಒಡೆದು ಹಾಕೋ ಬದ್ಲು ರೀಫಿಟ್ ಮಾಡ್ತೀನಿ, ಅಂದ್ರೆ ಅದೇ ಹಡಗಿಗೆ ಹೊಸ ಸಾಮಾನು ಹಾಕ್ತೀನಿ, ಯಾಕಂದ್ರೆ ಯುದ್ಧ ಮಾಡಿ ಪಳಗಿದ ಸಿಬ್ಬಂದಿ ಹೊಸ ಹಡಗಲ್ಲಿ ಸಿಗಲ್ಲ, ಅವರ ಅನುಭವ ಗುರಿಗೂ ತಪ್ಪಿಸಿಕೊಳ್ಳೋದಕ್ಕೂ ಸೇರತ್ತೆ. ಆಲ್ಕಾರಿ ಅನ್ನೋ ಜನಾಂಗದ ಮೇಲೆ ಹೋಗ್ಬೇಕಾದ್ರೆ ಇದು ಇನ್ನೂ ಮುಖ್ಯ. ಅವರ ಹಡಗುಗಳಿಗೆ ಹುಟ್ಟಿಂದಲೇ ಡಿಫೆನ್ಸ್ 50 ಜಾಸ್ತಿ, ಬೀಮ್ ಸುಮ್ನೆ ಪಕ್ಕದಲ್ಲಿ ಹೋಗತ್ತೆ. ಅವರಿಗೆ ಅಂತ ಕಟ್ಟೋ ಡಿಸೈನ್‌ನಲ್ಲಿ ಎರಡು ಗನ್ ಕಮ್ಮಿ ಮಾಡಿ ಬ್ಯಾಟಲ್ ಸ್ಕ್ಯಾನರ್ ಹಾಕ್ತೀನಿ, ಅದು ಬೀಮ್ ಗುರಿಗೆ ಕೊಡೋ 50 ಅವರ 50ನ ಅಲ್ಲಿಗಲ್ಲಿಗೆ ಸರಿ ಮಾಡತ್ತೆ, ಆಮೇಲೆ ಉಳಿಯೋದು ಕಂಪ್ಯೂಟರ್ ಮತ್ತೆ ಸಿಬ್ಬಂದಿ ಲೆಕ್ಕ. ಕ್ರಿಯೇಟಿವ್ ಅಲ್ಲದ ಜನಾಂಗದಲ್ಲಿ ಆಡ್ತಾ ಸ್ಕ್ಯಾನರ್ ಬಿಟ್ಟು ಬೇರೆ ಆರಿಸಿದ್ರೆ ಆಲ್ಕಾರಿಗಳನ್ನ ಕೊನೆಗೆ ಇಟ್ಕೊಳ್ಳಿ, ಅಷ್ಟರಲ್ಲಿ ಪಾಸಿಟ್ರಾನಿಕ್ ಕಂಪ್ಯೂಟರ್ ಬಂದಿರತ್ತೆ, ಅದೇ 75 ಕೊಡತ್ತೆ.